ಬೆನ್ನ ಹಿಂದಿನ ಗಂಟು: ಅಜ್ಜಂಪುರದಲ್ಲೊಂದು ಐರನ್ ಮ್ಯಾನ್ ಕವಚ



ರೈಲಿಂದಲೇ ಶುರು ಮಾಡ್ತೀನಿ. ಬೆಂಗಳೂರಿನ ಕಾಮಿಕ್ ಕಾನ್‌ಗೆ ಅಂತ ನಾನು, ನನ್ನ ತರೀಕೆರೆ ಗೆಳೆಯ ಕಡೂರಲ್ಲಿ ಜನರಲ್ ಬೋಗಿ ಹತ್ತಿದ್ವಿ. ಕೈಯಲ್ಲಿ ಎರಡು ಈರುಳ್ಳಿ ಚೀಲ. ಒಂದರಲ್ಲಿ ಎದೆಕವಚ, ಭುಜದ ಪಟ್ಟಿ. ಇನ್ನೊಂದರಲ್ಲಿ ತಲೆ. ಚೀಲದ ಬಾಯಿಂದ ಇಣುಕ್ತಿದ್ದ ಹೆಲ್ಮೆಟ್ ನೋಡಿ ಎದುರು ಸೀಟಿನ ಅಜ್ಜಿ ಕೇಳಿದ್ರು, "ವೀರಗಾಸೆಯೋರಾ ಮಗಾ?"

"ಅಲ್ಲಜ್ಜಿ, ಇದು ಐರನ್ ಮ್ಯಾನ್" ಅಂದೆ.

"ಅದ್ಯಾವ ದೇವರಪ್ಪಾ?" ಅಂದ್ರು.

ಬೋಗಿಗೆ ಬೋಗಿಯೇ ನಕ್ಕಿತು. ನಾನೂ ನಕ್ಕೆ. ಆದ್ರೆ ಅರಸೀಕೆರೆ ದಾಟಿದ ಮೇಲೂ ಅವರ ಮೊದಲ ಪ್ರಶ್ನೆ ತಲೇಲಿ ಕೊರೀತಾನೇ ಇತ್ತು. ಯಾಕಂದ್ರೆ ನಮ್ಮ ಅಪ್ಪಾಜಿ ವೀರಗಾಸೆ ಕುಣಿಯೋರು. ನಾನು ಕಲೀಲಿಲ್ಲ.

ನಮ್ಮೂರು ಅಜ್ಜಂಪುರದ ಹತ್ತಿರದ ಒಂದು ಹಳ್ಳಿ. ಶ್ರಾವಣ, ಕಾರ್ತೀಕ ಬಂತು ಅಂದ್ರೆ ಅಪ್ಪಾಜಿ ಮನೇಲಿ ಇರ್ತಿರಲಿಲ್ಲ. ಕೆಂಪು ಬಟ್ಟೆ, ರುದ್ರಾಕ್ಷಿ, ನಾಗಾಭರಣ, ಎದೆ ಮೇಲೆ ವೀರಭದ್ರನ ಹಲಗೆ, ಕಾಲಲ್ಲಿ ಗೆಜ್ಜೆ, ಕೈಯಲ್ಲಿ ಕತ್ತಿ. ದಕ್ಷಯಜ್ಞದ ಒಡಪು ಹೇಳೋಕೆ ನಿಂತ್ರೆ ಊರೇ ಗಪ್‌ಚುಪ್. ನನಗೆ ಹದಿನಾರು ವರ್ಷ ಆದಾಗ "ಬಾ, ಹೆಜ್ಜೆ ಹಾಕು" ಅಂದ್ರು. ಕಾಲೇಜು ಹುಡುಗ್ರು ನೋಡಿ ನಕ್ಕಾರು ಅಂತ ನಾನು ಹೋಗಲಿಲ್ಲ. ಅದಾಗಿ ಎಂಟು ವರ್ಷದ ಮೇಲೆ ಅದೇ ಮನೆಯ ಹಿಂದಿನ ಕೊಟ್ಟಿಗೇಲಿ ಕೂತು ಐರನ್ ಮ್ಯಾನ್ ಕವಚ ಮಾಡೋಕೆ ಶುರು ಮಾಡಿದೆ. ಅಪ್ಪಾಜಿ ಒಂದೇ ಮಾತು ಕೇಳಿದ್ರು. "ನಮ್ಮ ವೇಷಕ್ಕೆ ನಾಚಿದೋನು, ಇದಕ್ಕೆ ನಾಚಲ್ವೇನೋ?"

ನನ್ನ ಹತ್ರ ಉತ್ತರ ಇರಲಿಲ್ಲ. ಅವರು ಮತ್ತೆ ಆ ಕೊಟ್ಟಿಗೆ ಕಡೆ ತಲೆ ಹಾಕಲಿಲ್ಲ.

ಈ ಹವ್ಯಾಸ ನಿನ್ನೆ ಮೊನ್ನೆಯದಲ್ಲ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನ ನಡೀತು. ಅಲ್ಲಿಗೆ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಅನ್ನೋ ಇಬ್ಬರು ಭವಿಷ್ಯದ ಕಾಲದ ಉಡುಪು ತೊಟ್ಟು ಬಂದಿದ್ರು. ಎರಡನ್ನೂ ಹೊಲಿದದ್ದು ಡಗ್ಲಸ್. ಫೋಟೋದಲ್ಲಿ ಇಬ್ಬರಿದ್ದಾರೆ, ಆದ್ರೆ ಸೂಜಿ ಹಿಡಿದ ಕೈ ಒಬ್ಬರದೇ. ಆಮೇಲೆ 1977ರಲ್ಲಿ 'ಸ್ಟಾರ್ ವಾರ್ಸ್' ಬಂತು. ಅದರ ಬಿಳಿ ಕವಚದ ಸೈನಿಕರನ್ನ ನೀವು ನೋಡಿರ್ತೀರಿ. ಸಿನಿಮಾದಲ್ಲಿ ಅವರು ಇಡೀ ಬ್ರಹ್ಮಾಂಡ ನಡುಗಿಸೋರು. ಆದ್ರೆ ಆ ಕವಚ ತೆಳು ಪ್ಲಾಸ್ಟಿಕ್ಕಿಂದು. ಒಳಗಿದ್ದ ನಟರಿಗೆ ಕಣ್ಣೇ ಸರಿಯಾಗಿ ಕಾಣ್ತಿರಲಿಲ್ಲ. ಒಂದು ದೃಶ್ಯದಲ್ಲಿ ಒಬ್ಬ ಸೈನಿಕ ಬಾಗಿಲಿಗೆ ಧಡ್ ಅಂತ ತಲೆ ಚಚ್ಚಿಕೊಳ್ತಾನೆ. ಅದು ಹಾಗೇ ಸಿನಿಮಾದಲ್ಲಿ ಉಳಿದುಬಿಟ್ಟಿದೆ. ಹುಡುಕಿ ನೋಡಿ.

ನಾನು ಆರಿಸಿಕೊಂಡಿದ್ದು 2008ರ ಮೊದಲ 'ಐರನ್ ಮ್ಯಾನ್' ಸಿನಿಮಾದ ಮೊದಲ ಕವಚ. ಕೆಂಪು ಬಂಗಾರದ್ದಲ್ಲ, ಗುಹೇಲಿ ಸೆರೆಯಾಳಾಗಿದ್ದಾಗ ಗುಜರಿ ಲೋಹದಿಂದ ಬಡಿದು ಮಾಡ್ತಾನಲ್ಲ, ಆ ಬೂದು ಬಣ್ಣದ್ದು. ಕಾರಣ ಸಿಂಪಲ್. ಅದು ಮೊದಲೇ ಸೊಟ್ಟಗಿದೆ, ನಾನು ಇನ್ನಷ್ಟು ಸೊಟ್ಟ ಮಾಡಿದ್ರೂ ಗೊತ್ತಾಗಲ್ಲ!

ಮಾಡೋದು ಹೇಗೆ ಅಂತ ತುಂಬಾ ಜನ ಕೇಳ್ತೀರಿ. ಮೊದಲು ಅಳತೆ. ಹಳೇ ಟೀ ಶರ್ಟ್ ಹಾಕ್ಕೊಂಡು ಅದರ ಮೇಲೆ ಮೈಗೆ ಅಂಟಿದಂತೆ ಪ್ಯಾಕಿಂಗ್ ಟೇಪ್ ಸುತ್ತಬೇಕು. ಮೇಲೆ ಸ್ಕೆಚ್ ಪೆನ್ನಲ್ಲಿ ಗೆರೆ ಎಳೆದು, ಬೆನ್ನ ಕಡೆ ಕತ್ತರಿಸಿ ಬಿಚ್ಚಿ, ಗೆರೆ ಗುಂಟ ತುಂಡು ಮಾಡಿದ್ರೆ ನಿಮ್ಮ ಮೈಯ ನಕ್ಷೆ ನೆಲದ ಮೇಲೆ ಚಪ್ಪಟೆಯಾಗಿ ಬಿದ್ದಿರುತ್ತೆ. ಟೈಲರ್ ಪೇಪರ್ ಕಟಿಂಗ್ ಇದ್ದ ಹಾಗೆ. ಇದನ್ನ ಒಬ್ಬರೇ ಮಾಡೋಕಾಗಲ್ಲ. ನನಗೆ ಟೇಪ್ ಸುತ್ತಿದ್ದು ಅಮ್ಮ, "ಮೊರಕ್ಕೆ ಸಗಣಿ ಸಾರಿಸಿದ ಹಾಗಿದೆ" ಅಂತ ಬೈಕೊಂಡೇ.

ಆಮೇಲೆ ಫೋಮ್. ಇವಿಎ ಫೋಮ್ ಅಂತಾರೆ. ಮಕ್ಕಳು ಆಡೋ ಬಣ್ಣದ ಮ್ಯಾಟ್ ಇರುತ್ತಲ್ಲ, ಅದೇ ಜಾತಿ. ಎದೆಗೆ 10 ಮಿಲಿಮೀಟರ್ ದಪ್ಪದ್ದು, ಕೈಗೆ 6. ಬ್ಲೇಡು ಹರಿತ ಇರ್ಬೇಕು, ಮೊಂಡಾದ್ರೆ ಅಂಚು ಇಲಿ ಕಡಿದ ಹಾಗಾಗುತ್ತೆ. ಹೀಟ್ ಗನ್ ಹಿಡಿದ್ರೆ ಮೇಲ್ಮೈ ಸ್ವಲ್ಪ ಹೊಳಪು ಬರುತ್ತೆ. ಆ ಕ್ಷಣದಲ್ಲೇ ಬಗ್ಗಿಸಿ, ತಣ್ಣಗಾಗೋವರೆಗೂ ಹಿಡಿದಿರಿ. ಬಗ್ಗಿದ್ದು ಬಗ್ಗಿದ ಹಾಗೇ ನಿಲ್ಲುತ್ತೆ. ಅಂಟಿಸೋಕೆ ಚಪ್ಪಲಿ ರಿಪೇರಿಯವರು ಬಳಸೋ ರಬ್ಬರ್ ಗಮ್. ಎರಡೂ ಕಡೆ ಹಚ್ಚಿ, ಸ್ವಲ್ಪ ಒಣಗೋಕೆ ಬಿಟ್ಟು, ಆಮೇಲೆ ಒತ್ತಬೇಕು. ಬಾಗಿಲು ಕಿಟಕಿ ತೆಗೆದಿಟ್ಟು ಕೆಲಸ ಮಾಡಿ, ಆ ವಾಸನೆ ತಲೆಗೇರುತ್ತೆ.

ಭುಜಕ್ಕೆ ಮಾತ್ರ ಫೋಮ್ ಅಲ್ಲ, ಅಡಿಕೆ ಹಾಳೆ! ತರೀಕೆರೆ ಗೆಳೆಯನ ಮನೇಲಿ ಹಾಳೆ ತಟ್ಟೆ ಮಾಡೋ ಸಣ್ಣ ಯೂನಿಟ್ ಇದೆ. ಹಾಳೆ ನೆನೆಸಿದ್ರೆ ಬಟ್ಟೆ ಥರ ಬಗ್ಗುತ್ತೆ. ಅದನ್ನ ಮಣ್ಣಿನ ಮಡಕೆ ಮೇಲೆ ಹೊದಿಸಿ, ಹಗ್ಗ ಬಿಗಿದು, ಎರಡು ದಿನ ಬಿಸಿಲಿಗಿಟ್ವಿ. ಭುಜದ ಆಕಾರ ಸಿಕ್ತು. ಮೇಲೆ ಕಪ್ಪು ಬಣ್ಣ, ಬೆಳ್ಳಿ ಬಣ್ಣ ಬಟ್ಟೆಯಲ್ಲಿ ಒರೆಸಿದ್ರೆ ತುಕ್ಕು ಹಿಡಿದ ಕಬ್ಬಿಣವೇ. ಆದ್ರೆ ಮಳೆಗಾಲದಲ್ಲಿ ಜೋಪಾನ. ಮೊದಲನೇ ಜೋಡಿ ಬೂಷ್ಟು ಹಿಡಿದು ಹೋಯ್ತು.

ಕಾಮಿಕ್ ಕಾನ್ ಚೆನ್ನಾಗೇ ಆಯ್ತು. ಫೋಟೋ, ಸೆಲ್ಫಿ, ಇನ್‌ಸ್ಟಾದಲ್ಲಿ ಲೈಕು. ನಾನು ಹೇಳ್ಬೇಕಾಗಿರೋದು ಅದಲ್ಲ, ಅದಾದ ಮೇಲಿನ ಕಥೆ.

ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ. ತರೀಕೆರೆ ಕಡೆಯ ಒಂದು ಶಾಲೆಗೆ ವೇಷ ಹಾಕ್ಕೊಂಡು ಬರ್ತೀನಿ ಅಂತ ಒಪ್ಪಿಕೊಂಡಿದ್ದೆ. ಗೆಳೆಯನಿಗೆ ಅವತ್ತು ಪುರುಸೊತ್ತಿರಲಿಲ್ಲ. ಪರ್ವಾಗಿಲ್ಲ, ನಾನೊಬ್ಬನೇ ಸಾಕು ಅಂದೆ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಬೆನ್ನ ಬೆಲ್ಟ್ ಕಟ್ಟಿ ಓಡಿಹೋದ. ಮಧ್ಯಾಹ್ನದ ಬಿಸಿಲು, ಮೈದಾನ, ಸುತ್ತ ಮಕ್ಕಳು. ಈ ಫೋಮ್ ಒಳಗೆ ಗಾಳಿ ಆಡಲ್ಲ. ಬೆವರು ಸುರಿಯುತ್ತೆ, ಆದ್ರೆ ಆರಲ್ಲ. ಬೆವರು ಆರದೇ ಮೈ ತಣ್ಣಗಾಗಲ್ಲ. ಇಪ್ಪತ್ತು ನಿಮಿಷಕ್ಕೆ ಕಿವಿ ಗುಂಯ್ ಅಂತು. ಹೆಲ್ಮೆಟ್ ತೆಗೆಯೋಣ ಅಂದ್ರೆ ಅದರ ಕೊಕ್ಕೆ ಬೆನ್ನ ಬೆಲ್ಟಿಗೆ ಸಿಕ್ಕಿದೆ. ಬೆಲ್ಟಿನ ಗಂಟು ಹಿಂದೆ. ನನ್ನ ಕೈಗೆ ನಿಲುಕಲ್ಲ. "ತೆಗೀರಿ, ತೆಗೀರಿ" ಅಂತ ಕೂಗಿದೆ. ಹೊರಗೆ ಮಕ್ಕಳಿಗೆ ಅದು ಆಟ. ಚಪ್ಪಾಳೆ ಹೊಡೆದ್ರು.

ಆಮೇಲೆ ನೆನಪಿರೋದು ಬೇವಿನ ಮರದ ನೆರಳು, ಮುಖಕ್ಕೆ ನೀರು. ಒಬ್ಬ ಮೇಷ್ಟ್ರು ಬೆಲ್ಟನ್ನ ಕತ್ತರಿಯಲ್ಲಿ ಕತ್ತರಿಸಿದ್ರಂತೆ.

ಸುದ್ದಿ ನಾನು ಮನೆ ಸೇರೋಕೆ ಮುಂಚೆ ಅಪ್ಪಾಜಿಗೆ ಮುಟ್ಟಿತ್ತು. ಬೈತಾರೆ ಅಂದ್ಕೊಂಡಿದ್ದೆ. ರಾತ್ರಿ ಊಟ ಆದ ಮೇಲೆ ಅವರೇ ಕೊಟ್ಟಿಗೆಗೆ ಬಂದ್ರು. ಕತ್ತರಿಸಿದ ಬೆಲ್ಟನ್ನ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ್ರು.

"ಯಾರು ಕಟ್ಟಿದ್ದು?"

"ಒಬ್ಬ ಹುಡುಗ."

"ಅವನು ಪಕ್ಕದಲ್ಲೇ ಇದ್ನಾ?"

"ಇಲ್ಲ."

"ಕಟ್ಟಿದೋನು ಬಿಚ್ಚೋವರೆಗೂ ಜೊತೇಲಿರ್ಬೇಕು ಕಣೋ. ಇಷ್ಟು ವರ್ಷ ನಾನು ಕುಣಿದಿದ್ದೀನಲ್ಲ, ನನ್ನ ಬೆನ್ನ ಗಂಟು ನಾನು ಒಂದು ದಿನಾನೂ ನೋಡಿಲ್ಲ."

ಹಾಗಂದು ಟ್ರಂಕಿಂದ ಹಳೇ ಹತ್ತಿ ಪಟ್ಟಿ ತಂದ್ರು. ನೈಲಾನ್ ಬೆಲ್ಟ್ ಬಿಸಾಕಿಸಿದ್ರು. ಒಂದು ತುದಿ ಎಳೆದ್ರೆ ಇಡೀ ಗಂಟು ಬಿಚ್ಚಿಕೊಳ್ಳೋ ಜೀರುಗುಣಿಕೆ ಹಾಕಿ ತೋರಿಸಿದ್ರು. ಆ ತುದಿ ಸೊಂಟದ ಮುಂದೆ, ನನ್ನ ಕೈಗೇ ಸಿಗೋ ಹಾಗೆ. ಭಾರ ಕತ್ತಿನ ಮೇಲಲ್ಲ, ಸೊಂಟದ ಮೇಲೆ ಕೂರ್ಬೇಕು ಅಂದ್ರು. ಒಳಗೆ ದಪ್ಪ ಹತ್ತಿ ಬನಿಯನ್, ಗಂಟೆಗೊಮ್ಮೆ ಬಿಚ್ಚಿ ನೀರು. ಕಂಪ್ಯೂಟರ್‌ನಿಂದ ಬಿಚ್ಚಿದ ಪುಟ್ಟ ಫ್ಯಾನು ಹೆಲ್ಮೆಟ್ ಒಳಗೆ ಕೂರಿಸಿ ಪವರ್ ಬ್ಯಾಂಕಿಗೆ ಕೊಟ್ಟಿದ್ದು ಮಾತ್ರ ನನ್ನ ಐಡಿಯಾ. "ಇದೊಂದು ನಮಗೆ ಇರ್ಲಿಲ್ಲ ನೋಡು" ಅಂದ್ರು.

1997ರಲ್ಲಿ ಅಮೆರಿಕದ ಆಲ್ಬಿನ್ ಜಾನ್ಸನ್ ಗೆಳೆಯನ ಜೊತೆ ಸೇರಿ 501ನೇ ಲೀಜನ್ ಅಂತ ಸ್ಟಾರ್ ವಾರ್ಸ್ ವೇಷಧಾರಿಗಳ ಸಂಘ ಕಟ್ಟಿದ್ರು. ಇವತ್ತು ಅದು ಹಲವು ದೇಶಗಳಲ್ಲಿದೆ, ಮಕ್ಕಳ ಆಸ್ಪತ್ರೆಗಳಿಗೆಲ್ಲ ಹೋಗಿ ಬರ್ತಾರೆ. ಅಲ್ಲಿ ಕವಚದವರ ಜೊತೆ ವೇಷವಿಲ್ಲದೇ ಓಡಾಡೋರನ್ನ ಹ್ಯಾಂಡ್ಲರ್ ಅಂತಾರೆ. ನೀರು ಕೊಡೋದು, ದಾರಿ ತೋರಿಸೋದು, ಮಕ್ಕಳು ಕಾಲಿಗೆ ಸಿಗದ ಹಾಗೆ ನೋಡ್ಕೊಳ್ಳೋದು ಅವರ ಕೆಲಸ. ಅಪ್ಪಾಜಿಗೆ ಇದನ್ನ ಹೇಳಿದ್ರೆ, "ಅವರಿಗೂ ಗೊತ್ತಾಯ್ತಲ್ಲ ಬಿಡು" ಅಂದ್ರು.

ಐರನ್ ಮ್ಯಾನ್ ಸಿನಿಮಾನ ನಾನು ಮತ್ತೊಮ್ಮೆ ನೋಡಿದೆ. ಆ ಗುಹೇಲಿ ಟೋನಿ ಸ್ಟಾರ್ಕ್ ಒಬ್ಬನೇ ಇಲ್ಲ. ಯಿನ್ಸೆನ್ ಅಂತ ಇನ್ನೊಬ್ಬ ಸೆರೆಯಾಳು ಇದ್ದಾನೆ. ಟೋನಿಗೆ ಕವಚ ತೊಡಿಸೋನು ಅವನೇ. ಟೋನಿ ಹೊರಗೆ ಬರೋಕೆ ಟೈಮ್ ಸಿಗಲಿ ಅಂತ ತನ್ನ ಜೀವ ಕೊಡೋನೂ ಅವನೇ. ಅಷ್ಟು ಸಲ ನೋಡಿದ್ರೂ ನನ್ನ ಕಣ್ಣು ಕವಚದ ಮೇಲೇ ಇತ್ತು.

ವೀರಗಾಸೆ, ಇದು ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಅಪ್ಪಾಜಿ ಅದನ್ನ ಒಪ್ಪಲ್ಲ, ನಾನೂ ಒಪ್ಪಲ್ಲ. "ನಂದು ವ್ರತ, ನಿಂದು ಆಟ" ಅಂತಾರೆ. ಸರಿಯಾದ ಮಾತು. ಆದ್ರೆ ನಾನು ನಾಚಿದ್ದು ವೇಷಕ್ಕಲ್ಲ, ನೋಡೋರಿಗೆ. ಅದು ಗೊತ್ತಾಗೋಕೆ ನಾನು ಒಂದು ಮೈದಾನದಲ್ಲಿ ಬೀಳಬೇಕಾಯ್ತು.

ಈಗ ಅಪ್ಪಾಜಿಗೆ ಮಂಡಿ ನೋವು, ಕುಣಿಯೋಕಾಗಲ್ಲ. ಆದ್ರೂ ಮೇಳದ ಜೊತೆ ಹೋಗ್ತಾರೆ, ಹುಡುಗರಿಗೆ ವೇಷ ಕಟ್ಟೋಕೆ. ಕಳೆದ ಶ್ರಾವಣದಲ್ಲಿ ನಾನೂ ಹೋಗಿದ್ದೆ. ಹೆಜ್ಜೆ ಇನ್ನೂ ಕಲಿತಿಲ್ಲ. ಮೂವರಿಗೆ ಬೆನ್ನ ಗಂಟು ಹಾಕಿದೆ, ಮುಗಿಯೋವರೆಗೂ ಪಕ್ಕದಲ್ಲೇ ನಿಂತಿದ್ದೆ.

ನೀವು ಕವಚ ಮಾಡೋಕೆ ಹೊರಟಿದ್ರೆ ಫೋಮ್, ಗಮ್, ಬಣ್ಣ ಎಲ್ಲ ಆಮೇಲೆ ತಗೊಳ್ಳಿ. ಗಂಟು ಹಾಕೋರು ಯಾರು ಅಂತ ಮೊದಲು ಕೇಳ್ಕೊಳ್ಳಿ.