ಮನೆಯ ಮೊಬೈಲು ಯಾರ ಕೈಯಲ್ಲಿ?



2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿತು. ಅದರ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಟಿ.ವಿ. ಪಾಠ ಬಂತು. ಮಕ್ಕಳೆಲ್ಲ ಒಂದೇ ಪರದೆಯ ಮುಂದೆ ಕೂರುತ್ತಿದ್ದರು. 2020ರ ಮಾರ್ಚಿನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಪಾಠ ಮನೆಯ ಮೊಬೈಲಿಗೆ ಬಂತು. ತೊಂದರೆ ಶುರುವಾದದ್ದು ಅಲ್ಲಿ.

ಆಗ ಒಂದು ಮನೆಗೆ ಹೋಗಿದ್ದೆ. ಇದ್ದದ್ದು ಒಂದೇ ಮೊಬೈಲು. ಸಂಘದ ಸಾಲದಲ್ಲಿ ತಾಯಿ ಕೊಂಡದ್ದು, ಬೀಡಿ ಕಟ್ಟಿ ಕಂತು ತೀರಿಸುತ್ತಿದ್ದವರೂ ಅವರೇ. ಹಗಲು ಗಂಡ ಒಯ್ಯುತ್ತಾರೆ, ಸಂಜೆ ಮಗ ಹಿಡೀತಾನೆ. ಹತ್ತನೇ ಕ್ಲಾಸಿನ ಮಗಳ ಸರದಿ ರಾತ್ರಿ ಪಾತ್ರೆ ತೊಳೆದ ಮೇಲೆ. ಅಷ್ಟರಲ್ಲಿ ಚಾರ್ಜೂ ಇಲ್ಲ, ಡೇಟಾನೂ ಇಲ್ಲ. "ಹುಡುಗೀರ ಕೈಗೆ ಮೊಬೈಲ್ ಕೊಟ್ರೆ ಕೆಡ್ತಾರೆ ಸಿಸ್ಟರ್" ಅಂದರು ತಾಯಿ. ಮಗ ಕೆಡೋದಿಲ್ವಾ ಅಂತ ಕೇಳಿದೆ. ಸುಮ್ಮನಾದರು.

ಶಾಲೆ ತೆರೆದ ಮೇಲೂ ಇದು ಮುಗಿದಿಲ್ಲ. ಪಠ್ಯಪುಸ್ತಕದಲ್ಲಿ ಕಪ್ಪು-ಬಿಳಿ ಚೌಕ ನೋಡಿದ್ದೀರಲ್ಲ, ಅದು ಕ್ಯೂಆರ್ ಕೋಡ್. ಅಂಗಡಿಯಲ್ಲಿ ಹಣ ಕೊಡೋಕೆ ಇರುವಂಥದ್ದೇ. 2017ರಲ್ಲಿ ಶುರುವಾದ ಸರಕಾರದ 'ದೀಕ್ಷಾ' ಆ್ಯಪ್ ತೆರೆದು ಅದಕ್ಕೆ ಹಿಡಿದರೆ ಆ ಪಾಠಕ್ಕೆ ಸೇರಿಸಿಟ್ಟ ವಿಡಿಯೋ, ಪ್ರಶ್ನೆಗಳು ಬರುತ್ತವೆ. ಡೇಟಾ ಖರ್ಚು ಮಾತ್ರ. ಓದು ಬಾರದ ತಾಯಿಯೂ ಮಾಡಬಹುದು. ಎಷ್ಟು ಸಲ ನಿಲ್ಲಿಸಿ ನೋಡಿದರೂ ವಿಡಿಯೋ ಬೈಯೋದಿಲ್ಲ! ಆದರೆ ಮಗುವಿನ ಮುಖ ನೋಡಿ, ಅರ್ಥವಾಗಿಲ್ಲ ಅಂತ ತಿಳಿಯೋದು ಟೀಚರಿಗೇ ಸಾಧ್ಯ. ಅದಕ್ಕೇ ಶಾಲೆ ತಪ್ಪಿಸಬೇಡಿ.

ಮುಂದಿನ ಸಭೆಗೆ ಮಕ್ಕಳ ಒಂದು ಪುಸ್ತಕ, ಮೊಬೈಲು ತನ್ನಿ, ಇಲ್ಲೇ ಕಲಿಯೋಣ. ಮಗಳಿಗೆ ಸಂಜೆ ಒಂದು ಗಂಟೆ ಮೊಬೈಲು ಬಿಟ್ಟುಕೊಟ್ಟ ಮನೆಗಳು ಎಷ್ಟು ಅಂತ ನಡಾವಳಿ ಪುಸ್ತಕದಲ್ಲಿ ಬರೆಯೋಣ.