ದೋಣಿಯಿಂದ ಕಂಡ ಕರಿಯ ಮುಸುವ

ತೇಕ್ಕಡಿಯ ಸರೋವರದಲ್ಲಿ ದೋಣಿ ಏರಿದವರೆಲ್ಲರ ಕಣ್ಣು ದಡದ ಹುಲ್ಲಿನ ಮೇಲೆ. ಆನೆ ಬೇಕು, ಕಾಟಿ ಬೇಕು. ಕೋತಿಯನ್ನು ನೋಡಲು ಇಷ್ಟು ದೂರ ಬರಬೇಕೆ, ನಮ್ಮೂರ ಗುಡಿಯಲ್ಲಿಯೇ ಬೇಕಾದಷ್ಟಿವೆಯಲ್ಲ ಎಂದು ನೀವೂ ಅನ್ನಬಹುದು. ಆದರೆ ಅಲ್ಲಿಯ ಕರಿಯ ಮುಸುವ ಪಶ್ಚಿಮಘಟ್ಟದ ದಕ್ಷಿಣದ ಕಾಡುಗಳಲ್ಲಲ್ಲದೆ ಜಗತ್ತಿನಲ್ಲಿ ಮತ್ತೆಲ್ಲಿಯೂ ಇಲ್ಲ. ಕೊಡಗಿಗೆ ಅದರ ಸೀಮೆ ಹೆಚ್ಚುಕಡಿಮೆ ಮುಗಿಯಿತು. ಮಲೆಯಾಳದವರು ಅದನ್ನು ‘ಕರಿಂಕುರಂಗು’ ಎನ್ನುತ್ತಾರೆ. ಕುರಂಗವೆಂದರೆ ಜಿಂಕೆ ಎಂದು ನನ್ನಿಂದಲೇ ಕಲಿತಿದ್ದ ಹುಡುಗರು ದಡದಲ್ಲಿ ಕರಿಯ ಜಿಂಕೆಯನ್ನು ಅರಸತೊಡಗಿದರು!

1895ರಲ್ಲಿ ಪೆರಿಯಾರಿಗೆ ಅಣೆಕಟ್ಟು ಕಟ್ಟಿದಾಗ ಕಾಡು ಮುಳುಗಿ, ಸತ್ತ ಮರಗಳ ಬೊಡ್ಡೆಗಳು ಇಂದಿಗೂ ನೀರಿನಲ್ಲಿ ನಿಂತಿವೆ. ಅವುಗಳ ಮೇಲೆ ಕುಳಿತ ನೀರುಕಾಗೆಯನ್ನು ಮುಸುವವೆಂದು ನಾವು ಮೂರು ಬಾರಿ ಮೋಸಹೋದೆವು. ನೋಡಬೇಕಾದುದು ಬೊಡ್ಡೆಯನ್ನಲ್ಲ, ದಡದಾಚೆಯ ಹಸಿರು ಮರಗಳ ನೆತ್ತಿಯನ್ನು. ಗಾಳಿಯಿಲ್ಲದೆಯೂ ಒಂದೇ ಕೊಂಬೆ ಅಲುಗಿದರೆ ಅಲ್ಲಿ ಕಣ್ಣಿಡಿ. ಬೆಳಗಿನ ಮೊದಲ ದೋಣಿಯಾದರೆ ಗಂಡಿನ ‘ಹೂ, ಹೂ’ ಎಂಬ ಕೂಗು ದೂರದಿಂದಲೇ ದಿಕ್ಕು ತೋರುತ್ತದೆ. ಮೈಯೆಲ್ಲ ಕಪ್ಪು, ತಲೆಯ ಕೂದಲು ಮಾತ್ರ ಕಂದು. ಮುಖದ ಸುತ್ತ ಬೂದುಬಣ್ಣದ ಕೇಸರವೂ ಬಾಲದ ತುದಿಯಲ್ಲಿ ಕುಚ್ಚೂ ಇದ್ದರೆ ಅದು ಸಿಂಗಳೀಕ. ಅದು ದೋಣಿಯವರ ಕಣ್ಣಿಗೆ ಬೀಳುವುದು ಬಲು ಅಪರೂಪ.

ಮುಸುವಕ್ಕೆ ಮನುಷ್ಯನ ಅಂಜಿಕೆ ಸುಮ್ಮನೆ ಬಂದುದಲ್ಲ. ತೊಗಲಿಗಾಗಿ, ಅದರ ಮಾಂಸದ ರಸಾಯನಕ್ಕಾಗಿ ಬಹುಕಾಲ ಅದನ್ನು ಕೊಂದರು. 1972ರ ಕಾಯಿದೆ ಬಂದ ಮೇಲೆ ಅದಕ್ಕೆ ರಕ್ಷಣೆ ದೊರೆಯಿತು.

“ಅಗೋ!” ಎಂದು ಒಬ್ಬ ಕೂಗಿದನು. ಹತ್ತು ಹುಡುಗರು ಎದ್ದು ಎಡಬದಿಗೆ ಹಾರಿದರು, ದೋಣಿ ವಾಲಿತು. ನನ್ನ ಎದೆ ಧಸಕ್ಕೆಂದಿತು. 2009ರ ಸೆಪ್ಟೆಂಬರ್ 30ರಂದು ಇದೇ ನೀರಿನಲ್ಲಿ ದೋಣಿಯೊಂದು ಮಗುಚಿ 45 ಮಂದಿ ಸತ್ತರು. ಕಾಡುಪ್ರಾಣಿ ಕಂಡಿತೆಂದು ಜನ ಒಂದೇ ಬದಿಗೆ ನುಗ್ಗಿದರೆಂದು ಆಗ ವರದಿಯಾಗಿತ್ತು. ನಾನು ತರಗತಿಯಲ್ಲಿಯೂ ಅಷ್ಟು ಗಟ್ಟಿಯಾಗಿ ಗದರಿದವನಲ್ಲ. ಹುಡುಗರು ಕುಳಿತರು, ತೇಲಂಗಿಯ ಗುಂಡಿಗಳನ್ನು ತಡವಿಕೊಂಡರು.

ಆ ಗದ್ದಲಕ್ಕೆ ಮುಸುವ ನಿಲ್ಲುವುದುಂಟೆ? ನಾನು ತಲೆಯೆತ್ತಿದಾಗ ಕಂಡುದು ಎಲೆಗಳ ನಡುವೆ ಜಾರಿಹೋದ ಒಂದು ಮೊಳ ಕರಿಯ ಬಾಲ. ಅದರ ತುದಿಯಲ್ಲಿ ಕುಚ್ಚಿತ್ತೆಂದು ಒಬ್ಬ ಹುಡುಗ ಇಂದಿಗೂ ವಾದಿಸುತ್ತಾನೆ.