ರಿಪೇರಿ ಕೆಲಸಕ್ಕೂ ಓದು ಬೇಕು

(ಬಾಗಲಗುಂಟೆಯ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)



ನಾವು ಟಿವಿ, ಆಂಪ್ಲಿಫೈಯರ್, ಮೈಕ್ ಸೆಟ್, ಪ್ರೊಜೆಕ್ಟರ್ ರಿಪೇರಿ ಮಾಡುವವರು. ಇಂಥ ವೇದಿಕೆಯಲ್ಲಿ ಸಾಮಾನ್ಯವಾಗಿ ಡಾಕ್ಟರು, ಎಂಜಿನಿಯರುಗಳು ಮಾತನಾಡುತ್ತಾರೆ. ನಮ್ಮನ್ನು ಕರೆದ ಟ್ರಸ್ಟಿಗೆ ಧನ್ಯವಾದ. ನಾವು ಹೇಳುವುದು ಇಷ್ಟೇ: ನಮ್ಮದು ಓದು ಬಿಟ್ಟವರ ಕೆಲಸವಲ್ಲ. ಇದಕ್ಕೂ ಓದು ಬೇಕು. ಆ ಓದಿಗೂ ವಿದ್ಯಾರ್ಥಿವೇತನ ಸಿಗಬೇಕು.

ಮಸೀದಿಯ ಮೈಕನ್ನೇ ತೆಗೆದುಕೊಳ್ಳಿ. ಹಿಂದಿನ ಸಾಲಿಗೆ ಖುತ್ಬಾ ಕೇಳಿಸದಿದ್ದರೆ ‘ದೊಡ್ಡ ಆಂಪ್ಲಿಫೈಯರ್ ಹಾಕಿ’ ಎನ್ನುತ್ತಾರೆ. 100 ವ್ಯಾಟ್ ತೆಗೆದು 200 ವ್ಯಾಟ್ ಹಾಕಿದರೂ ಹೆಚ್ಚುವುದು 3 ಡೆಸಿಬಲ್ ಮಾತ್ರ. ಟೈಲ್ಸ್ ನೆಲ, ಬರಿಗೋಡೆಯ ಹಾಲಿನಲ್ಲಿ ಮಾತು ಕಲಸಿಹೋಗುವುದು ಪ್ರತಿಧ್ವನಿಯಿಂದ. ಚಿಕ್ಕ ಸ್ಪೀಕರ್‌ಗಳನ್ನು ಜನ ಕೂರುವ ಕಡೆ ಹತ್ತಿರ ಹತ್ತಿರ ಹಾಕಿ, ಸದ್ದು ಕಡಿಮೆ ಇಟ್ಟರೆ ಮಾತು ಸ್ಪಷ್ಟವಾಗುತ್ತದೆ, ಅಕ್ಕಪಕ್ಕದ ಮನೆಗೂ ತೊಂದರೆಯಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಮಸೀದಿ, ದೇವಸ್ಥಾನ, ಚರ್ಚು, ಮದುವೆ ಮಂಟಪ ಎಲ್ಲಕ್ಕೂ ಅದೇ ಮಿತಿ. ಇದನ್ನು ಅರಿತ ಟೆಕ್ನಿಷಿಯನ್ ಬೀದಿಯಲ್ಲಿ ಒಬ್ಬನಿದ್ದರೆ ಎಷ್ಟೋ ಜಗಳ ಹುಟ್ಟುವುದೇ ಇಲ್ಲ.

ಲೆಕ್ಕ ತಪ್ಪಿದರೆ ಹಣವೂ ಹೋಗುತ್ತದೆ. 8 ಓಮ್‌ನ ನಾಲ್ಕು ಹಾರ್ನ್‌ಗಳನ್ನು ಪ್ಯಾರಲಲ್ ಆಗಿ ಜೋಡಿಸಿದರೆ ಆಂಪ್ಲಿಫೈಯರ್‌ಗೆ ಸಿಗುವುದು 2 ಓಮ್. 4 ಓಮ್‌ಗೆ ಮಾಡಿದ ಯಂತ್ರ ಬಿಸಿಯಾಗಿ ಸುಡಬಹುದು. ಜೀವದ ಪ್ರಶ್ನೆಯೂ ಇದೆ. ಟಿವಿಯ ಪ್ಲಗ್ ಕಿತ್ತ ಮೇಲೂ ಪವರ್ ಬೋರ್ಡಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ನಷ್ಟು ವಿದ್ಯುತ್ ಉಳಿದಿರಬಹುದು. ಹೇಳಿಕೊಡುವವರಿಲ್ಲದೆ ಅಂಗಡಿಯಲ್ಲಿ ನೋಡಿ ನೋಡಿ ಕಲಿಯುವ ಹುಡುಗ ಇದನ್ನು ಶಾಕ್ ಹೊಡೆಸಿಕೊಂಡೇ ಕಲಿಯುತ್ತಾನೆ.

ಇನ್ನೊಂದು ಮಾತು ಅಮಾನತ್ ಬಗ್ಗೆ. ಟಿವಿಯಲ್ಲಿ ಸದ್ದು ಬಂದು ಪರದೆ ಮಾತ್ರ ಕಪ್ಪಾಗಿದ್ದರೆ ಟಾರ್ಚ್ ಹಿಡಿದು ನೋಡಿ. ಚಿತ್ರ ಮಸುಕಾಗಿ ಕಂಡರೆ ಹೋಗಿರುವುದು ಬ್ಯಾಕ್‌ಲೈಟ್, ಅದನ್ನು ಸರಿಮಾಡಬಹುದು. ‘ಪ್ಯಾನೆಲ್ಲೇ ಹೋಗಿದೆ, ಹೊಸ ಟಿವಿ ತಗೊಳ್ಳಿ’ ಎಂದರೂ ಗಿರಾಕಿ ನಂಬುತ್ತಾನೆ, ಏಕೆಂದರೆ ಪೆಟ್ಟಿಗೆಯೊಳಗೆ ಏನಿದೆಯೆಂದು ಅವನಿಗೆ ಕಾಣದು. ಕಾಣದ ಕಡೆ ಸತ್ಯ ಹೇಳುವುದೇ ನಮ್ಮ ಕಸುಬಿನ ಬಂಡವಾಳ.

ಈಗ ದಾರಿ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಕೋರ್ಸ್ 2 ವರ್ಷ. ಅದನ್ನು ಪಾಸಾದವರು ಡಿಪ್ಲೊಮಾದ 2ನೇ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾ ನಂತರ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ 2ನೇ ವರ್ಷಕ್ಕೆ ಹೋಗಬಹುದು. ಅಂದರೆ ಐಟಿಐಗೆ ಸೇರಿದ ಮಗುವಿಗೆ ಮುಂದಿನ ಬಾಗಿಲು ಮುಚ್ಚಿಲ್ಲ. 1954ರಲ್ಲಿ ಶುರುವಾದ ಬಿಇಎಲ್ ಪಕ್ಕದ ಜಾಲಹಳ್ಳಿಯಲ್ಲಿದೆ. ಪೀಣ್ಯದ ಕಾರ್ಖಾನೆಗಳು ಕೂಗಳತೆಯಲ್ಲಿವೆ. ನಾಗಸಂದ್ರದಲ್ಲಿ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರೆ ಬಿಡಿಭಾಗಗಳ ಎಸ್‌.ಪಿ. ರಸ್ತೆ. ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ದಾನಿಗಳಲ್ಲಿ ನಮ್ಮ ವಿನಂತಿ: ಫೀಸಿನ ಜೊತೆಗೆ ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಬಸ್ ಪಾಸ್ ಇವನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಡವರ ಮನೆಗೆ ಭಾರವಾಗುವುದು ಫೀಸು ಒಂದೇ ಅಲ್ಲ. ಮಗ ಕೂಲಿಗೆ ಹೋಗದ ಆ 2 ವರ್ಷದ ಸಂಪಾದನೆಯೂ ಹೌದು. ಅಲ್ಲಿ ನೀವು ಕೈ ಹಿಡಿದರೆ ಅವನು ನಡುವೆ ಓದು ಬಿಡುವುದಿಲ್ಲ.

ತಂದೆತಾಯಂದಿರೇ, ಅರ್ಜಿಯಲ್ಲಿ ‘ಐಟಿಐ’ ಎಂದು ಬರೆಯಲು ಸಂಕೋಚ ಬೇಡ. ಹೆಣ್ಣುಮಕ್ಕಳನ್ನೂ ಕಳುಹಿಸಿ, ಬೋರ್ಡಿನ ಮೇಲಿನ ಸೂಕ್ಷ್ಮ ಕೆಲಸಕ್ಕೆ ಬೇಕಿರುವುದು ತಾಳ್ಮೆ, ತೋಳ್ಬಲವಲ್ಲ. ಮಕ್ಕಳೇ, ಕಲಿತ ಮೇಲೆ ನಮ್ಮ ಅಂಗಡಿಗಳಿಗೆ ಬನ್ನಿ. ಪುಸ್ತಕದಲ್ಲಿ ಇಲ್ಲದ್ದನ್ನು ನಾವು ತೋರಿಸುತ್ತೇವೆ, ನಮಗೆ ಗೊತ್ತಿಲ್ಲದ್ದನ್ನು ನೀವು ಹೇಳಿಕೊಡಿ.